ಹಿತ್ತಿಲಲ್ಲೊಂದು ಚಾಸಿ

(ಸಕಲೇಶಪುರದ ಕಡೆಯ ಒಂದು ಕಾಫಿ ತೋಟ. ಕಣದ ಪಕ್ಕದ ಶೆಡ್ಡಿನಲ್ಲಿ ಇಬ್ಬರು. ಚಿಕ್ಕಪ್ಪನಿಗೆ ಹಾಸನದಲ್ಲಿ ಟ್ರ್ಯಾಕ್ಟರ್ ಟ್ರೈಲರು, ಗೇಟು, ಶೀಟಿನ ಮಾಡು ಕಟ್ಟಿಕೊಡುವ ವೆಲ್ಡಿಂಗ್ ಶಾಪಿದೆ. ಹುಡುಗಿ ಅಣ್ಣನ ಮಗಳು, ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ವಿದ್ಯಾರ್ಥಿಗಳೇ ಬಗ್ಗಿ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಯ ಕಾಲೇಜು ತಂಡದಲ್ಲಿ ಚೌಕಟ್ಟಿನ ವಿನ್ಯಾಸ ಅವಳ ಪಾಲಿಗಿತ್ತು.)

ಹುಡುಗಿ: ಅಪ್ಪನ ಹಳೇ ಮಾರುತಿ 800 ನೋಡಿ ಚಿಕ್ಕಪ್ಪ, ಬಾಡಿ ಪೂರ್ತಿ ತುಕ್ಕು. ಎಂಜಿನ್ನು, ಗೇರ್‌ಬಾಕ್ಸು ಮಾತ್ರ ಗಟ್ಟಿಯಾಗಿವೆ. ಅವನ್ನ ಒಟ್ಟಿಗೇ ಎತ್ತಿ ಹಿಂದಕ್ಕೆ ಕೂರಿಸಿ, ಸುತ್ತ ಪೈಪಿನ ಚಾಸಿ ಕಟ್ಟಿದರೆ ಇಬ್ಬರು ಕೂರುವ ಬಗ್ಗಿ ಆಗುತ್ತೆ. ಇದೇ ಶೆಡ್ಡಿನಲ್ಲಿ ಕಟ್ಟಬೇಕು ಅಂತ ಆಸೆ.

ಚಿಕ್ಕಪ್ಪ: ಎಂಜಿನ್ ಮಾತು ಆಮೇಲೆ. ಎಲ್ಲಿ ಓಡಿಸ್ತೀಯ, ಮೊದಲು ಅದು ಹೇಳು.

ಹುಡುಗಿ: ತೋಟದ ಒಳಗೆ, ಹಳ್ಳದ ದಂಡೆಯಿಂದ ಮೇಲಿನ ಪಲ್ಪರ್ ಮನೆವರೆಗೆ. ರಸ್ತೆಗೆ ತರೋ ಹಾಗಿಲ್ಲ ಅಂತ ಗೊತ್ತು. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಗಾಡಿ ಸಾರ್ವಜನಿಕ ಜಾಗದಲ್ಲಿ ಓಡಬಾರದು. ಕಂಪನಿ ಕೊಟ್ಟ ರೂಪವನ್ನ ನಮ್ಮಿಷ್ಟಕ್ಕೆ ಬದಲಿಸೋದನ್ನ 52ನೇ ಕಲಂ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಕಾರನ್ನ ಬಿಚ್ಚೋಕೆ ಮುಂಚೆ 55ನೇ ಕಲಂನಂತೆ ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು, ಅಪ್ಪ ಅರ್ಜಿ ಬರೆದಿಟ್ಟಿದ್ದಾರೆ. ಬೇರೆ ಕಡೆಗೆ ಒಯ್ಯೋದಾದರೆ ಲಾರಿ ಮೇಲೆ.

ಚಿಕ್ಕಪ್ಪ: ತೋಟದ ಬೇಲಿ ದಾಟಿದರೆ ಮೀಸಲು ಅರಣ್ಯ, ಅದನ್ನೂ ನೆನಪಿಟ್ಟುಕೋ. ಹಳ್ಳದ ಒಳಗೂ ಇಳಿಸಬೇಡ, ಕೆಳಗಿನವರು ಕುಡಿಯೋ ನೀರು ಅದು. ಸರಿ, ಇನ್ನೊಂದು ಪ್ರಶ್ನೆ. ಮನೆಯ ಶೆಡ್ಡಿನಲ್ಲಿ ಹೀಗೆ ಕಟ್ಟಿ ದಡ ಮುಟ್ಟಿಸಿದವರು ಯಾರಾದರೂ ಇದ್ದಾರಾ?

ಹುಡುಗಿ: ಬ್ರೂಸ್ ಮೇಯರ್ಸ್ ಇದ್ದರಲ್ಲ. ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನವರು, ಫೈಬರ್‌ಗ್ಲಾಸ್ ದೋಣಿ ಕಟ್ಟುತ್ತಿದ್ದವರು. 1964ರಲ್ಲಿ ತಮ್ಮ ಗ್ಯಾರೇಜಿನಲ್ಲೇ ಮರಳಿನ ಮೇಲೆ ಓಡೋ ಬಗ್ಗಿ ಮಾಡಿದರು, ಮೇಯರ್ಸ್ ಮ್ಯಾಂಕ್ಸ್ ಅಂತ ಹೆಸರು. 1967ರಲ್ಲಿ ಅದೇ ಗಾಡಿಯಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪವನ್ನ ಲಾ ಪಾಸ್‌ನಿಂದ ಟಿಹುವಾನಾವರೆಗೆ 34 ಗಂಟೆ 45 ನಿಮಿಷದಲ್ಲಿ ದಾಟಿದರು, ಅಲ್ಲಿವರೆಗೆ ಮೋಟಾರ್ ಸೈಕಲ್ಲಿನ ಹೆಸರಲ್ಲಿದ್ದ ದಾಖಲೆ ಮುರೀತು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿ ಮೊದಲ ಓಟದ ಪಂದ್ಯ ನಡೆದಾಗ ಗೆದ್ದದ್ದೂ ಒಂದು ಮ್ಯಾಂಕ್ಸ್. ನಾವು ಕಾಲೇಜಿನಲ್ಲಿ ಆಡಿದ ಬಾಹಾ ಸ್ಪರ್ಧೆಗೆ ಆ ಜಾಗದ್ದೇ ಹೆಸರು. ಅಮೆರಿಕದಲ್ಲಿ 1976ರಲ್ಲಿ ಶುರುವಾಯಿತು, ನಮ್ಮಲ್ಲಿ 2007ರಿಂದ ಇಂದೋರಿನ ಹತ್ತಿರದ ಪೀಥಂಪುರದಲ್ಲಿ.

ಚಿಕ್ಕಪ್ಪ: ಆ ಮೇಯರ್ಸ್ ಚಾಸಿಯನ್ನ ಮೊದಲಿಂದ ತಾನೇ ಕಟ್ಟಿದನಾ?

ಹುಡುಗಿ: ಮೊದಲ ಹನ್ನೆರಡು ಗಾಡಿಗಳಿಗೆ ಹಾಗೇ ಮಾಡಿದರು. ಬೇರೆ ಚಾಸಿಯೇ ಇಲ್ಲ, ಫೈಬರ್ ಮೈಯೇ ಎಲ್ಲ ಭಾರ ಹೊರಬೇಕು. ಆದರೆ ಖರ್ಚು ವಿಪರೀತ, ಕೊಳ್ಳುವವರಿಲ್ಲ. ಆಮೇಲೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನೇ ತಗೊಂಡು, ನಡುವೆ ಕತ್ತರಿಸಿ ಗಿಡ್ಡ ಮಾಡಿ, ಅದರ ಮೇಲೆ ತಮ್ಮ ಬಾಡಿ ಕೂರಿಸಿದರು. ಹೆಸರಾದದ್ದು ಆ ಗಾಡಿ.

ಚಿಕ್ಕಪ್ಪ: ಅದನ್ನೇ ಕೇಳೋಣ ಅಂತಿದ್ದೆ. ಕಾರ್ಖಾನೆಯಲ್ಲಿ ಲಕ್ಷಾಂತರ ಗಾಡಿಗಳ ಮೇಲೆ ಪಕ್ಕಾ ಆದ ಭಾಗ ಎಷ್ಟು ಉಳಿಸಿಕೊಳ್ಳಬಹುದೋ ಅಷ್ಟೂ ಉಳಿಸಿಕೋ. ಬ್ರೇಕು, ನಕಲ್ಲು, ಬೇರಿಂಗು, ಸ್ಟೀರಿಂಗ್ ರ‍್ಯಾಕು, ಸ್ಟ್ರಟ್ಟು ಎಲ್ಲ ಆ 800ರದ್ದೇ ಇರಲಿ. ಹೊಸದಾಗಿ ಕಟ್ಟೋದು ಚಾಸಿ ಒಂದೇ ಆಗಲಿ. ಒಂದೇ ಆದರೆ ಅದರ ಮೇಲೆ ಗಮನ ನಿಲ್ಲುತ್ತೆ.

ಹುಡುಗಿ: ನಾನೂ ಹಾಗೇ ಅಂದುಕೊಂಡಿದ್ದೀನಿ. ಮುಂದಿನ ಚಕ್ರದ ಜೋಡಣೆಯನ್ನ ಪೂರ್ತಿ ಹಿಂದಕ್ಕೆ ತಗೋತೀನಿ. ಸ್ಟೀರಿಂಗ್ ಕಡ್ಡಿ ಹಿಡಿಯೋ ತೋಳಿಗೆ ರ‍್ಯಾಕಿನ ಬದಲು ಚಾಸಿಯಿಂದಲೇ ಒಂದು ಲಿಂಕು ಕೊಟ್ಟು ಚಕ್ರ ತಿರುಗದ ಹಾಗೆ ಕಟ್ಟಿಹಾಕ್ತೀನಿ. ಆ ಲಿಂಕು ಕೆಳತೋಳಿನಷ್ಟೇ ಉದ್ದ, ಅದಕ್ಕೆ ಸಮಾಂತರ ಇರಬೇಕು. ಇಲ್ಲದಿದ್ದರೆ ಚಕ್ರ ಗುಂಡಿಗೆ ಇಳಿದಾಗಲೆಲ್ಲ ತಾನಾಗಿ ಪಕ್ಕಕ್ಕೆ ಹೊರಳುತ್ತೆ, ಗಾಡಿ ಹಿಂದಿನಿಂದ ಸ್ಟೀರಿಂಗ್ ಮಾಡಿದ ಹಾಗಾಗುತ್ತೆ.

ಚಿಕ್ಕಪ್ಪ: ಇನ್ನು ಕಬ್ಬಿಣಕ್ಕೆ ಬಾ. ನಾನಾಗಿದ್ದರೆ ನಾಲ್ಕಿಂಚಿನ ಸಿ ಚಾನೆಲ್ ಎರಡು ಉದ್ದಕ್ಕೆ ಹಾಕಿ, ನಡುವೆ ಅಡ್ಡಪಟ್ಟಿ ಕೊಟ್ಟು ಏಣಿ ಚಾಸಿ ಮಾಡ್ತಿದ್ದೆ. ಟ್ರೈಲರಿನಲ್ಲಿ ಎಂಟು ಟನ್ ಕಬ್ಬು ಸಾಗುತ್ತೆ ಅದರ ಮೇಲೆ.

ಹುಡುಗಿ: ಟ್ರೈಲರಿನ ಭಾರ ಮೇಲಿಂದ ಕೆಳಕ್ಕೆ ಬರುತ್ತೆ, ಅದಕ್ಕೆ ಚಾನೆಲ್ ಸರಿ. ಇಲ್ಲಿ ಒಂದು ಚಕ್ರ ಬಂಡೆ ಹತ್ತಿರುತ್ತೆ, ಎದುರು ಮೂಲೆಯದು ಗುಂಡಿಯಲ್ಲಿರುತ್ತೆ. ಅದು ಬಟ್ಟೆ ಹಿಂಡಿದ ಹಾಗೆ ಚಾಸಿಯನ್ನ ತಿರುಚುತ್ತೆ. ಬಾಯಿ ತೆರೆದ ಸಿ ಚಾನೆಲ್ ತಿರುಚಿಗೆ ತೀರಾ ಸೋಲುತ್ತೆ, ಮುಚ್ಚಿದ ಕೊಳವೆ ಎದುರಿಸುತ್ತೆ. ಅದೂ ಅಲ್ಲದೆ ಗಾಡಿ ಮಗುಚಿದರೆ ಏಣಿ ಚಾಸಿ ತಲೆಯನ್ನ ಕಾಯೋದಿಲ್ಲ.

ಚಿಕ್ಕಪ್ಪ: ಹಾಗಾದರೆ ಗಟ್ಟಿ ಸರಳು ಹಾಕು. ಟೊಳ್ಳು ಯಾಕೆ?

ಹುಡುಗಿ: ಲೆಕ್ಕ ನೋಡಿ. 25 ಮಿಲಿಮೀಟರ್ ದಪ್ಪದ ಗಟ್ಟಿ ಸರಳು ಮೀಟರಿಗೆ ಸುಮಾರು 3.85 ಕಿಲೋ ತೂಗುತ್ತೆ. ಅದೇ ದಪ್ಪದ, 3 ಮಿಲಿಮೀಟರ್ ಗೋಡೆಯ ಕೊಳವೆ 1.63 ಕಿಲೋ. ಒಳಗಿನ ನೂರಕ್ಕೆ ಐವತ್ತೆಂಟು ಪಾಲು ಕಬ್ಬಿಣ ತೆಗೆದ ಹಾಗಾಯಿತು, ಆದರೂ ಬಗ್ಗದಿರುವ ಗುಣದಲ್ಲಿ ಕಳೆದುಕೊಂಡದ್ದು ಮೂರರಲ್ಲಿ ಒಂದು ಪಾಲು. ಸರಳು ಬಗ್ಗುವಾಗ ಕೆಲಸ ಮಾಡೋದು ಹೊರಮೈ, ನಡುವಿನ ಕಬ್ಬಿಣ ಸುಮ್ಮನೆ ಕೂತಿರುತ್ತೆ. ವ್ಯಾಸ ಸ್ವಲ್ಪ ಹೆಚ್ಚಿಸಿ ಗೋಡೆ ತೆಳ್ಳಗೆ ಮಾಡಿದರೆ ಇನ್ನೂ ಲಾಭ. 32 ವ್ಯಾಸ, 1.6 ಗೋಡೆಯ ಕೊಳವೆ ಮೀಟರಿಗೆ 1.2 ಕಿಲೋ ಮಾತ್ರ, ಆದರೆ ಆ 25ರ ಕೊಳವೆಗಿಂತ ನೂರಕ್ಕೆ ಮೂವತ್ತೆಂಟರಷ್ಟು ಹೆಚ್ಚು ಬಿಗಿ.

ಚಿಕ್ಕಪ್ಪ: ಇಪ್ಪತ್ತು ವರ್ಷದಿಂದ ಗಿರಾಕಿಗಳು ಭಾರವಾಗಿದ್ದರೆ ಗಟ್ಟಿ ಅಂತಲೇ ಕೇಳಿ ಮಾಡಿಸಿಕೊಳ್ತಾರೆ. ನೀನು ಹೇಳಿದ್ದನ್ನ ಅಂಗಡಿ ಗೋಡೆ ಮೇಲೆ ಬರೆಸಬೇಕು. ಆದರೆ 1.6ರ ಗೋಡೆಗೆ ಇಲ್ಲಿ ಯಾರೂ ಕೈ ಹಾಕಬೇಡಿ. ನಮ್ಮ ಆರ್ಕ್ ಕಡ್ಡಿ ಹಿಡಿದರೆ ತೂತು ಬೀಳುತ್ತೆ. ತೂತು ಬೀಳದ ಹಾಗೆ ಹೆದರಿ ಹೆದರಿ ಹಾಕಿದರೆ ಬೆಸುಗೆ ಒಳಕ್ಕೇ ಇಳಿಯೋದಿಲ್ಲ. ಹಾಗಾದರೆ ನಿಮ್ಮ ಬಾಹಾ ಅಳತೆ 25ಕ್ಕೆ 3, ಅದನ್ನೇ ತರೋದಾ?

ಹುಡುಗಿ: ಬೇಡ. ಅಲ್ಲಿ ನಮ್ಮ ಎಂಜಿನ್ನು ಹತ್ತು ಅಶ್ವಶಕ್ತಿಯದಿತ್ತು, ಕೂರೋದು ಒಬ್ಬರೇ. ಇದು 796 ಸಿಸಿ, ಮೂವತ್ತೇಳು ಅಶ್ವಶಕ್ತಿಯ ಆಸುಪಾಸು, ತೂಕ ಅದರ ಎರಡು ಮೂರು ಪಟ್ಟು, ವೇಗವೂ ಹೆಚ್ಚು. ರ‍್ಯಾಲಿ ಕಾರುಗಳ ಪಂಜರಕ್ಕೆ ಮೋಟಾರು ಓಟದ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಕೊಡುವ ಅಳತೆ ಹಿಡಿಯೋಣ. ಬೆನ್ನ ಹಿಂದಿನ ಮುಖ್ಯ ಕಮಾನು, ಅಂದರೆ ಹೂಪಿಗೆ 45 ವ್ಯಾಸ, 2.5 ಗೋಡೆ, ಉಳಿದದ್ದಕ್ಕೆ 38ಕ್ಕೆ 2.5. ಆ 45ರ ಕೊಳವೆ ತೂಕದಲ್ಲಿ ಬಾಹಾ ಕೊಳವೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಬಿಗಿಯಲ್ಲಿ ಹತ್ತಿರ ಹತ್ತಿರ ಆರು ಪಟ್ಟು. ಸೀಮ್‌ಲೆಸ್, ಕೋಲ್ಡ್ ಡ್ರಾನ್ ಅಂತ ಬರೆದ ಸರ್ಟಿಫಿಕೇಟಿನ ಜೊತೆಗೇ ತರಬೇಕು. ಮೊದಲು ಕ್ರೋಮೋಲಿ ಉಕ್ಕು ತರಿಸೋಣ ಅಂತಿದ್ದೆ.

ಚಿಕ್ಕಪ್ಪ: ಅದೇನು ಅಷ್ಟು ದೊಡ್ಡದು?

ಹುಡುಗಿ: ಮುರಿಯೋಕೆ ಹೆಚ್ಚು ಬಲ ಬೇಕು, ಅಷ್ಟೇ. ಬಗ್ಗೋ ವಿಷಯದಲ್ಲಿ ಎಲ್ಲ ಉಕ್ಕೂ ಒಂದೇ, ಒಂದೇ ಅಳತೆಯ ಕೊಳವೆ ಕ್ರೋಮೋಲಿ ಆದರೂ ಸಾದಾ ಉಕ್ಕಾದರೂ ಅಷ್ಟೇ ಬಗ್ಗುತ್ತೆ. ಜೊತೆಗೆ ಕ್ರೋಮೋಲಿ ಬೆಸುಗೆಯ ಪಕ್ಕದಲ್ಲಿ ಬೇಗ ಆರಿದರೆ ಪೆಡಸಾಗಿ ಬಿರುಕು ಬಿಡುತ್ತೆ. ಈ ಗಾಳಿ ಮಳೆಯ ಶೆಡ್ಡಿನಲ್ಲಿ ಅದರ ಸಹವಾಸ ಬೇಡ.

ಚಿಕ್ಕಪ್ಪ: ಗುಜರಿಯ ನೀರಿನ ಪೈಪೂ ಬೇಡ. ಜಿಐ ಪೈಪಿನ ಸತುವು ಬೆಸುಗೆಯ ಬಿಸಿಗೆ ಹೊಗೆಯಾಗಿ ಏಳುತ್ತೆ, ರಾತ್ರಿ ಚಳಿಜ್ವರ ಬರುತ್ತೆ. ಗೇಟು ಕಟ್ಟೋ ಹುಡುಗರಿಗೆ ನಾನು ಇದನ್ನ ದಿನಾ ಹೇಳ್ತೀನಿ. ಅಳತೆ ಗೊತ್ತಾಯಿತು. ಈಗ ಕತ್ತರಿಸೋಣ ಅಂತೀಯಾ?

ಹುಡುಗಿ: ಇಲ್ಲ. ಮೊದಲು ಕುರ್ಚಿ. ಸೀಟು ನೆಲದ ಮೇಲಿಟ್ಟು, ಅಪ್ಪನನ್ನ ಹೆಲ್ಮೆಟ್ ಹಾಕಿ ಕೂರಿಸಬೇಕು, ಮನೆಯಲ್ಲಿ ಎತ್ತರ ಅವರೇ. ಸುತ್ತ ವೈರಿಂಗಿಗೆ ಬಳಸೋ ಪಿವಿಸಿ ಪೈಪಿನಲ್ಲಿ ಪೂರ್ತಿ ಅಳತೆಯ ಚಾಸಿ ಕಟ್ಟಿ ನೋಡ್ತೀನಿ. ಬಾಹಾ ನಿಯಮದಲ್ಲಿ ಹೆಲ್ಮೆಟ್ಟಿಗೂ ಪಂಜರದ ಕೊಳವೆಗಳ ನಡುವಿನ ಮಟ್ಟಕ್ಕೂ 152 ಮಿಲಿಮೀಟರ್, ಮೈಯ ಉಳಿದ ಭಾಗಕ್ಕೆ 76 ಮಿಲಿಮೀಟರ್ ಜಾಗ ಇರಬೇಕು. ಬೆಲ್ಟ್ ಬಿಗಿದಿದ್ದರೂ ಮಗುಚುವಾಗ ಮೈ ಎಳೆದಾಡುತ್ತೆ, ಆ ಎಳೆದಾಟಕ್ಕೆ ಇಟ್ಟ ಜಾಗ ಅದು. ಕ್ಲಚ್ ಒತ್ತುವಾಗ ಮಂಡಿ ಎಲ್ಲಿಗೆ ಬರುತ್ತೆ, ಬೆಂಕಿ ಹತ್ತಿದರೆ ಎಷ್ಟು ಬೇಗ ಹೊರಗೆ ಬರಬಹುದು, ಎಲ್ಲ ಪಿವಿಸಿಯಲ್ಲೇ ಗೊತ್ತಾಗುತ್ತೆ. ಪೆಟ್ರೋಲ್ ಟ್ಯಾಂಕಿಗೂ ಸೀಟಿಗೂ ನಡುವೆ ತಗಡಿನ ಗೋಡೆ ಬರಬೇಕು, ಅದಕ್ಕೂ ಜಾಗ ಬಿಡಬೇಕು.

ಚಿಕ್ಕಪ್ಪ: ಇದು ನನಗೆ ಹಿಡಿಸಿತು. ನಮ್ಮ ಶಾಪಿಗೆ ಬರೋ ಹುಡುಗರು ಚಾಸಿ ಕಟ್ಟಿಸಿಕೊಂಡು ಆಮೇಲೆ ಸೀಟು ತರ್ತಾರೆ. ಕೊನೆಗೆ ತಲೆ ಪೈಪಿಗೆ ತಾಗುತ್ತೆ.

ಹುಡುಗಿ: ಇನ್ನು ಕೊಳವೆಗಳನ್ನ ಜೋಡಿಸೋ ಕ್ರಮಕ್ಕೆ ಬರೋಣ. ಈ ನಾಲ್ಕು ಮರದ ಪಟ್ಟಿ ನೋಡಿ, ಮೂಲೆಗೆ ಒಂದೊಂದೇ ಮೊಳೆ ಹೊಡೆದಿದ್ದೀನಿ. ತಳ್ಳಿ. ಚೌಕ ಓರೆಯಾಗಿ ಮಲಗಿಬಿಡುತ್ತೆ. ಈಗ ಒಂದು ಮೂಲೆಯಿಂದ ಎದುರು ಮೂಲೆಗೆ ಇನ್ನೊಂದು ಪಟ್ಟಿ. ತಳ್ಳಿ ನೋಡಿ.

ಚಿಕ್ಕಪ್ಪ: ಅಲುಗಲ್ಲ.

ಹುಡುಗಿ: ಬೆಸುಗೆ ಹಾಕಿದ ಚೌಕ ಮೊಳೆ ಹೊಡೆದ ಚೌಕದಷ್ಟು ಸಡಿಲ ಇರಲ್ಲ ನಿಜ, ಆದರೆ ಪೂರ್ತಿ ಭಾರ ಮೂಲೆಯ ಬೆಸುಗೆಗಳ ಮೇಲೆ ಬೀಳುತ್ತೆ. ತ್ರಿಕೋನ ಮಾಡಿದರೆ ಕೊಳವೆಗಳು ಬರೀ ಎಳೆತ, ಒತ್ತಡ ಹೊರುತ್ತವೆ, ಬೆಸುಗೆಗೆ ಕಷ್ಟ ಕಡಿಮೆ. ಒತ್ತಡಕ್ಕೆ ಸಿಗೋ ತೆಳ್ಳನೆ ಉದ್ದ ಕೊಳವೆಯ ಉದ್ದ ಅರ್ಧ ಮಾಡಿದರೆ ಬಳುಕದೆ ತಾಳೋ ಶಕ್ತಿ ನಾಲ್ಕು ಪಟ್ಟಾಗುತ್ತೆ, ಆದ್ದರಿಂದ ಉದ್ದ ಕೊಳವೆಗೆ ನಡುವೆ ಒಂದು ಆಸರೆ. ಅದಕ್ಕಿಂತ ಮುಖ್ಯ, ಸ್ಟ್ರಟ್ಟಿನ ಮೇಲ್ತುದಿ, ತೋಳಿನ ಬ್ರಾಕೆಟ್ಟು, ಎಂಜಿನ್ ಮೌಂಟು, ಬೆಲ್ಟಿನ ಕೊಂಡಿ ಇವೆಲ್ಲ ಕೊಳವೆಯ ನಡುಭಾಗಕ್ಕೆ ಬರಬಾರದು. ಮೂರು ನಾಲ್ಕು ಕೊಳವೆ ಕೂಡೋ ಗಂಟಿಗೇ ಬರಬೇಕು. ಭಾರ ಎಲ್ಲಿ ಹುಟ್ಟುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಕಾಗದದ ಮೇಲೆ ಬೆರಳಿಟ್ಟು ಹೋಗಿ ನೋಡಿದರೆ ದಾರಿ ಎಲ್ಲೂ ತುಂಡಾಗಬಾರದು.

ಚಿಕ್ಕಪ್ಪ: ಬೋಲ್ಟಿಗೆ ಕೊಳವೆಯಲ್ಲಿ ತೂತು ಕೊರೀತಾರಲ್ಲ, ಅದು?

ಹುಡುಗಿ: ಬರೀ ತೂತು ಕೊರೆದು ಬೋಲ್ಟ್ ಬಿಗಿದರೆ ಕೊಳವೆ ಚಪ್ಪಟೆಯಾಗುತ್ತೆ. ಅಡ್ಡಕ್ಕೆ ಒಂದು ಬುಷ್ ತೂರಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ಪಂಜರದ ಕೊಳವೆಗಳಿಗಂತೂ ತೂತೇ ಬೇಡ, ಬ್ರಾಕೆಟ್ ಹಾಕೋಣ.

ಚಿಕ್ಕಪ್ಪ: ಬಗ್ಗಿಸೋದು ನನಗೆ ಬಿಡು. ಒಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ಬಗ್ಗಿಸಿದರೆ ಎಂಥ ಕಮಾನು ಬೇಕಾದರೂ ಬರುತ್ತೆ. ಮರಳು ಒಂದು ಚೂರೂ ಹಸಿ ಇರಬಾರದು ಅಷ್ಟೇ, ಹಸಿ ಇದ್ದರೆ ಒಳಗಿನ ಹಬೆ ಬೆಣೆಯನ್ನ ಹಾರಿಸುತ್ತೆ.

ಹುಡುಗಿ: ಗೇಟಿನ ಕಮಾನಿಗೆ ಅದು ಚೆನ್ನ ಚಿಕ್ಕಪ್ಪ, ಹೂಪಿಗೆ ಬೇಡ. ಕೋಲ್ಡ್ ಡ್ರಾನ್ ಕೊಳವೆಗೆ ಗಟ್ಟಿತನ ಬಂದಿರೋದೇ ತಣ್ಣಗೆ ಎಳೆದಿದ್ದರಿಂದ. ಕೆಂಪಗೆ ಕಾಯಿಸಿದರೆ ಅಲ್ಲಿ ಅದು ಹೋಗುತ್ತೆ. ಎಫ್‌ಐಎ ನಿಯಮವೂ ತಣ್ಣಗೇ ಬಗ್ಗಿಸಿ ಅನ್ನುತ್ತೆ. ಬಾಗಿನ ತ್ರಿಜ್ಯ ವ್ಯಾಸದ ಮೂರು ಪಟ್ಟಾದರೂ ಇರಬೇಕು, ಅಂದರೆ 45ರ ಕೊಳವೆಗೆ 135 ಮಿಲಿಮೀಟರ್. ಬಗ್ಗಿದ ಜಾಗದಲ್ಲಿ ಕೊಳವೆ ಮೊಟ್ಟೆಯಾಕಾರ ಆದರೂ ಚಿಕ್ಕ ಅಳತೆ ದೊಡ್ಡ ಅಳತೆಯ 0.9ಕ್ಕಿಂತ ಕಡಿಮೆ ಆಗಬಾರದು. ವರ್ನಿಯರ್ ಹಿಡಿದು ನೋಡಿದರೆ ಗೊತ್ತಾಗಿಬಿಡುತ್ತೆ.

ಚಿಕ್ಕಪ್ಪ: ಪ್ಲಂಬರ್ ಹತ್ತಿರ ಇರೋ ಹೈಡ್ರಾಲಿಕ್ ಬೆಂಡರ್ ಹಾಗಾದರೆ ಆಗಲ್ಲ. ಅದು ನಡುವೆ ಒತ್ತುತ್ತೆ, ಒಳಬದಿ ನೆರಿಗೆ ಬೀಳುತ್ತೆ. ಡೈ ಸುತ್ತ ಎಳೆದು ಬಗ್ಗಿಸೋ ಯಂತ್ರ ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನನಗೆ ಗೊತ್ತಿರೋರ ಹತ್ತಿರ ಇದೆ. ಹೂಪು ಅಲ್ಲಿ ಬಗ್ಗಿಸಿಕೊಂಡು ಬರೋಣ. ಮನೆಯಲ್ಲಿ ಕಟ್ಟೋದು ಅಂದರೆ ಪ್ರತಿಯೊಂದೂ ಮನೆಯಲ್ಲೇ ಆಗಬೇಕು ಅಂತಿಲ್ಲ.

ಹುಡುಗಿ: ಉಳಿದ ಕೊಳವೆ ಆದಷ್ಟೂ ನೇರವಾಗಿ ಇಟ್ಟಿದ್ದೀನಿ. ತುದಿಗಳನ್ನ ಮೀನಿನ ಬಾಯಿಯ ಹಾಗೆ ಕೊರೆಯೋದಕ್ಕೆ ಕಂಪ್ಯೂಟರಿನಿಂದ ಕಾಗದದ ನಕಾಶೆ ತೆಗೀತೀನಿ, ಕೊಳವೆಗೆ ಸುತ್ತಿ ಗುರುತು ಹಾಕಿದರಾಯಿತು.

ಚಿಕ್ಕಪ್ಪ: ಗುರುತಿನ ಮೇಲೆ ಗ್ರೈಂಡರಿನಿಂದ ಕತ್ತರಿಸಿ, ಕೊನೆಗೆ ಅರ್ಧಗೋಲದ ಅರದಿಂದ ಉಜ್ಜು. ಕೊಳವೆ ಕೊಳವೆಗೆ ಕೂತಾಗ ಬೆಳಕು ಕಾಣಿಸಬಾರದು. ಸಂದು ದೊಡ್ಡದಿದ್ದರೆ ತುಂಬೋಕೆ ಕಡ್ಡಿ ಜಾಸ್ತಿ, ಬಿಸಿ ಜಾಸ್ತಿ, ಆರಿದಾಗ ಎಳೆತ ಜಾಸ್ತಿ. ಬೆಸುಗೆ ಆರುವಾಗ ಕುಗ್ಗುತ್ತೆ, ಕುಗ್ಗಿದ ಕಡೆಗೆ ಚಾಸಿಯನ್ನ ಎಳೆದುಕೊಳ್ಳುತ್ತೆ. ಗೇಟಿನಲ್ಲಿ ನಾಲ್ಕು ಮಿಲಿಮೀಟರ್ ಹೋದರೆ ಕೀಲು ಸರಿಸಿ ಕೂರಿಸ್ತೀನಿ. ಇಲ್ಲಿ ನಾಲ್ಕು ಹೋದರೆ ಚಕ್ರ ಓರೆ.

ಹುಡುಗಿ: ಅದಕ್ಕೆ ಜಿಗ್ ಬೇಕು. ಶೆಡ್ಡಿನ ನೆಲ ಮಟ್ಟ ಇಲ್ಲ.

ಚಿಕ್ಕಪ್ಪ: ಎರಡು ಉದ್ದನೆ ಬಾಕ್ಸ್ ಪೈಪ್ ನೆಲಕ್ಕೆ ಊರೋಣ. ಮಟ್ಟ ನೋಡೋಕೆ ಗಾರೆಯವರ ನೀರಿನ ಟ್ಯೂಬು ಸಾಕು, ಈ ಉದ್ದಕ್ಕೆ ರಸಮಟ್ಟಕ್ಕಿಂತ ಅದೇ ನಿಖರ. ನಡುಗೆರೆಗೆ ದಾರ ಎಳೆದು ತೂಗುಗುಂಡು ಬಿಡು. ಪ್ರತಿ ಚೌಕದ ಎರಡೂ ಕರ್ಣ ಅಳೆ. ಎದುರು ಬದಿಗಳೂ ಸಮ, ಕರ್ಣಗಳೂ ಸಮ ಇದ್ದರೆ ಮೂಲೆ ಮಟ್ಟಕ್ಕಿದೆ. ಮೊದಲು ಇಡೀ ಚಾಸಿಗೆ ಟ್ಯಾಕ್ ಮಾತ್ರ, ಒಂದೊಂದು ಗಂಟಿಗೆ ಮೂರು ನಾಲ್ಕು ಚುಕ್ಕೆ. ಎಂಜಿನ್ನು, ಸೀಟು, ಚಕ್ರ ಎಲ್ಲ ಕೂರಿಸಿ ನೋಡಿ ತೆಗೆದಮೇಲೆ ಪೂರ್ತಿ ಬೆಸುಗೆ. ಅದೂ ಎಡಕ್ಕೊಂದು ಬಲಕ್ಕೊಂದು, ಮುಂದೊಂದು ಹಿಂದೊಂದು. ಒಂದೇ ಕಡೆ ಕೂತು ಮುಗಿಸಿಕೊಂಡು ಹೋಗೋ ಚಾಳಿ ಬಿಡಬೇಕು.

ಹುಡುಗಿ: ಮನೆಯ ಕರೆಂಟು ತಾಳುತ್ತಾ?

ಚಿಕ್ಕಪ್ಪ: 2.5 ಎಂಎಂ ಕಡ್ಡಿಗೆ 80 ಆಂಪಿಯರ್ ಆಸುಪಾಸು ಸಾಕು, ಸಣ್ಣ ಇನ್ವರ್ಟರ್ ಮಷೀನು ಸಿಂಗಲ್ ಫೇಸಿನಲ್ಲಿ ಓಡುತ್ತೆ. ಅದಕ್ಕೆ ಬೇರೆ ಲೈನು, ಬೇರೆ ಎಂಸಿಬಿ, ಒಳ್ಳೇ ಅರ್ಥಿಂಗು. ಸಂಜೆ ವೋಲ್ಟೇಜ್ ಇಳಿಯೋ ಹೊತ್ತಿಗೆ ಮುಖ್ಯ ಗಂಟುಗಳನ್ನ ಮುಟ್ಟಬೇಡ. ವೆಲ್ಡಿಂಗ್ ಕನ್ನಡಿ ಇಲ್ಲದೆ ಒಂದು ಚುಕ್ಕೆಯೂ ಬೇಡ, ರಾತ್ರಿ ಕಣ್ಣಿನಲ್ಲಿ ಮರಳು ಹಾಕಿದ ಉರಿ ಬರುತ್ತೆ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಸುಗೆ ಹಾಕಬೇಡ.

ಹುಡುಗಿ: ಹೌದು, ಕ್ಲೋರಿನ್ ಇರೋ ಸ್ಪ್ರೇ ಆದರೆ ಆ ಬಿಸಿಗೆ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತೆ.

ಚಿಕ್ಕಪ್ಪ: ಪೆಟ್ರೋಲ್ ಟ್ಯಾಂಕ್ ಖಾಲಿ ಅಂತ ಕಂಡರೂ ಅದರ ಹತ್ತಿರ ಕಡ್ಡಿ ಒಯ್ಯಬಾರದು. ಇದೆಲ್ಲ ಸರಿ. ಈಗ ನಾನು ಕೇಳಬೇಕಾದ್ದು ಕೇಳ್ತೀನಿ. ಬೆಸುಗೆ ಹಾಕೋದು ಯಾರು?

ಹುಡುಗಿ: ನಾನೇ. ಕಂಪ್ಯೂಟರಿನಲ್ಲಿ ಭಾರ ಹಾಕಿ ನೋಡಿದ್ದೀನಿ ಚಿಕ್ಕಪ್ಪ. ಮಗುಚಿದರೂ, ಮುಂದಿನಿಂದ ಗುದ್ದಿದರೂ ಎಲ್ಲೂ ಮಿತಿ ಮೀರಲ್ಲ.

ಚಿಕ್ಕಪ್ಪ: ಆ ಕಂಪ್ಯೂಟರಿಗೆ ನಿನ್ನ ಕೈ ಗೊತ್ತಾ?

ಹುಡುಗಿ: ಗೊತ್ತಿಲ್ಲ. ಪ್ರತಿ ಗಂಟೂ ಪೂರ್ತಿ ಬೆಸೆದುಕೊಂಡು ಒಂದೇ ಕಬ್ಬಿಣ ಆಗಿದೆ ಅಂತ ಅದು ಇಟ್ಟುಕೊಳ್ಳುತ್ತೆ.

ಚಿಕ್ಕಪ್ಪ: ಅಲ್ಲೇ ಇರೋದು ವಿಷಯ. ಬೆಸುಗೆಯ ಮುಖ ನೋಡಿ ಒಳಗಿನದನ್ನ ಹೇಳೋಕಾಗಲ್ಲ. ಮೇಲೆ ಅಲೆ ಅಲೆಯಾಗಿ ಚಂದ ಕೂತಿರುತ್ತೆ, ಒಳಗೆ ಎರಡು ಕಬ್ಬಿಣ ಒಂದನ್ನೊಂದು ಮುಟ್ಟಿರೋದೇ ಇಲ್ಲ. ಒಡೆದ ಮಡಕೆಗೆ ಮೇಣ ಹಚ್ಚಿದ ಹಾಗೆ. ಕರೆಂಟ್ ಕಡಿಮೆ ಇಟ್ಟರೆ ಹಾಗಾಗುತ್ತೆ, ಕಡ್ಡಿ ಓಡಿಸಿದರೂ ಹಾಗಾಗುತ್ತೆ. ಮೊದಲ ಸಾಲಿನ ಕಿಟ್ಟ ಬಡಿದು ತೆಗೆಯದೆ ಎರಡನೇ ಸಾಲು ಹಾಕಿದರೆ ಕಿಟ್ಟ ಒಳಗೇ ಉಳಿಯುತ್ತೆ. ಕಾರ್ಖಾನೆಯಲ್ಲಿ ಒಬ್ಬ ಬೆಸೀತಾನೆ, ಇನ್ನೊಬ್ಬ ಪರೀಕ್ಷೆ ಮಾಡ್ತಾನೆ, ಮೂರನೆಯವನು ಗಾಡಿಯನ್ನೇ ಗೋಡೆಗೆ ಗುದ್ದಿಸಿ ನೋಡ್ತಾನೆ. ಮನೆಯಲ್ಲಿ ಆ ಮೂರು ಜನವೂ ನೀನೇ. ಬೆಸೆಯೋಳು ನಾನು ಅಂತ ಹೇಳಿದೆ, ಪರೀಕ್ಷೆ ಮಾಡೋಳು ಯಾರು ಅಂತ ಹೇಳಲಿಲ್ಲ.

ಹುಡುಗಿ: ಬಾಹಾದಲ್ಲಿ ಅದಕ್ಕೊಂದು ನಿಯಮ ಇತ್ತು. ಚೌಕಟ್ಟಿಗೆ ಬೆಸುಗೆ ಹಾಕುವವರು ಅದೇ ಕೊಳವೆಯಲ್ಲಿ ಎರಡು ಮಾದರಿ ಮಾಡಿ ತೋರಿಸಬೇಕು. ಒಂದರಲ್ಲಿ ಎರಡು ಕೊಳವೆ 90 ಡಿಗ್ರಿಗೆ ಕೂಡಿರುತ್ತವೆ, ಅದನ್ನ ಮುರಿಯೋವರೆಗೆ ಬಲ ಹಾಕಬೇಕು. ಹರಿದರೆ ಕೊಳವೆಯ ಕಬ್ಬಿಣ ಹರಿಯಬೇಕು, ಬೆಸುಗೆ ಬಿಡಬಾರದು. ಇನ್ನೊಂದು 30 ಡಿಗ್ರಿ ಓರೆಗೆ ಕೂಡಿದ್ದು, ಅದನ್ನ ಉದ್ದಕ್ಕೆ ಸೀಳಿ ಬೆಸುಗೆ ಎಷ್ಟು ಒಳಕ್ಕೆ ಇಳಿದಿದೆ ಅಂತ ತೋರಿಸಬೇಕು.

ಚಿಕ್ಕಪ್ಪ: 30 ಡಿಗ್ರಿಯ ಒಳಮೂಲೆಗೆ ಕಡ್ಡಿ ಹೋಗೋದೇ ಕಷ್ಟ. ಆ ನಿಯಮ ಬರೆದವರು ಕೈಯಲ್ಲಿ ಕಡ್ಡಿ ಹಿಡಿದವರೇ ಇರಬೇಕು. ನೀನು ಮಾಡಿದ್ದೆಯಾ ಆ ಮಾದರಿ?

ಹುಡುಗಿ: ನಮ್ಮ ತಂಡದಲ್ಲಿ ಬೆಸುಗೆ ಹೊರಗಿನ ವೆಲ್ಡರು ಹಾಕಿದ್ದು, ಮಾದರಿಯೂ ಅವರದ್ದೇ. ನಾನು ವರದಿ ಬರೆದೆ.

ಚಿಕ್ಕಪ್ಪ: ಹಾಗಾದರೆ ಇಲ್ಲಿ ನಿನ್ನ ಕೈಯದ್ದು ಮಾಡಬೇಕು. ಮೊದಲನೇದನ್ನ ಈ ದೊಡ್ಡ ವೈಸಿಗೆ ಕಚ್ಚಿಸಿ, ಮೇಲೆ ಉದ್ದ ಪೈಪ್ ತೂರಿಸಿ ಇಬ್ಬರೂ ಜಗ್ಗೋಣ. ಎರಡನೇದನ್ನ ಹ್ಯಾಕ್ಸಾದಿಂದ ಸೀಳಿ, ಎಮರಿ ಕಾಗದದಲ್ಲಿ ಕನ್ನಡಿಯಾಗೋವರೆಗೆ ಉಜ್ಜು.

ಹುಡುಗಿ: ಅದಕ್ಕೆ ಪಿಸಿಬಿ ಕೊರೆಯೋಕೆ ಬಳಸೋ ಫೆರಿಕ್ ಕ್ಲೋರೈಡ್ ಹಚ್ಚಿದರೆ ಬೆಸುಗೆಯ ಲೋಹಕ್ಕೂ ಕೊಳವೆಗೂ ಬಣ್ಣ ಬೇರೆಯಾಗಿ ಕಾಣುತ್ತೆ. ಕೈಗವಸು ಹಾಕಿಕೊಂಡು ಮಾಡಬೇಕು.

ಚಿಕ್ಕಪ್ಪ: ಬೆಸುಗೆಯ ಬೇರಿನಲ್ಲಿ ಕಪ್ಪು ಗೆರೆ ಕಂಡರೆ ಬೆಸೆದಿಲ್ಲ ಅಂತ ಅರ್ಥ. ಇನ್ನೊಂದು ಮಾತು, ಪುಸ್ತಕದಲ್ಲಿ ಇದೆಯೋ ಇಲ್ಲವೋ. ಮಾದರಿಯನ್ನ ಎಲ್ಲರೂ ಬೆಂಚಿನ ಮೇಲಿಟ್ಟು, ಸ್ಟೂಲ್ ಮೇಲೆ ಕೂತು ಮಾಡ್ತಾರೆ. ಚಾಸಿಯ ಗಂಟು ಹಾಗಿರಲ್ಲ. ತಳದ ಗಂಟಿಗೆ ನೆಲದ ಮೇಲೆ ಮಲಗಿ ತಲೆ ಮೇಲೆ ಬೆಸೀಬೇಕು, ಕರಗಿದ ಕಬ್ಬಿಣ ಮೈಮೇಲೆ ಬೀಳುತ್ತೆ, ಕೈ ನಡುಗುತ್ತೆ. ಬೆಂಚಿನ ಮೇಲೆ ಪಾಸಾದ ಕೈ ಅಲ್ಲಿ ಫೇಲು. ಅದಕ್ಕೇ ಎರಡು ಕೆಲಸ. ಒಂದು, ಚಾಸಿಯ ಮುಂದೆ ಹಿಂದೆ ಒಂದೊಂದು ಗೂಟಕ್ಕೆ ಬೇರಿಂಗ್ ಕೂರಿಸಿ ಇಡೀ ಚಾಸಿಯನ್ನೇ ತಿರುಗಿಸೋ ಹಾಗೆ ಮಾಡೋಣ, ಪ್ರತಿ ಗಂಟೂ ನಿನ್ನ ಎದೆಮಟ್ಟಕ್ಕೆ, ಮುಖ ಮೇಲಾಗಿ ಬರಲಿ. ಎರಡು, ಹಾಗೆ ತಿರುಗಿಸೋಕಾಗದ ಗಂಟು ಯಾವುದಿದೆಯೋ, ಅದು ಇರೋ ಭಂಗಿಯಲ್ಲೇ ಅದರ ಮಾದರಿ ಮಾಡಿ ಸೀಳಿ ನೋಡು.

ಹುಡುಗಿ: ಪಾಸಾಗದೇ ಹೋದರೆ?

ಚಿಕ್ಕಪ್ಪ: ಇನ್ನೊಂದು ಮಾಡು. ಅದೂ ಆಗದಿದ್ದರೆ ಟ್ಯಾಕ್ ನೀನು ಹಾಕು, ಹೂಪು, ಬೆಲ್ಟಿನ ಕೊಂಡಿ, ಸ್ಟ್ರಟ್ಟಿನ ಗಂಟು ಇವನ್ನ ನನ್ನ ಶಾಪಿನ ಹಿರಿಯ ವೆಲ್ಡರಿಗೆ ಬಿಡು. ಅವರೂ ಮಾದರಿ ಮಾಡಿ ಮುರಿದೇ ತೋರಿಸಲಿ. ಅನುಭವ ಇದೆ ಅಂತ ಯಾರಿಗೂ ರಿಯಾಯಿತಿ ಬೇಡ, ನನಗೂ ಬೇಡ. ಆಮೇಲೆ, ಬೆಸುಗೆ ಮುಗಿದ ಮೇಲೆ ಚಂದ ಕಾಣಲಿ ಅಂತ ಗ್ರೈಂಡರ್ ಹಾಕಿ ನುಣ್ಣಗೆ ಮಾಡಬೇಡ. ಭಾರ ಹೊರೋ ಕಬ್ಬಿಣವನ್ನೇ ಉಜ್ಜಿ ತೆಗೆದ ಹಾಗಾಗುತ್ತೆ.

ಹುಡುಗಿ: ಚಾಸಿ ಮುಗಿದ ಮೇಲೆ ತಿರುಚಿನ ಪರೀಕ್ಷೆ ಒಂದಿದೆ. ಹಿಂದಿನ ಎರಡು ಮೂಲೆಗಳನ್ನ ಗಟ್ಟಿಯಾಗಿ ಹಿಡಿಸಿ, ಮುಂಭಾಗವನ್ನ ನಡುವೆ ಒಂದೇ ಆಸರೆ ಮೇಲಿಟ್ಟು, ಅಡ್ಡಕ್ಕೆ ಉದ್ದ ತೊಲೆ ಕಟ್ಟಿ ಒಂದು ತುದಿಗೆ ಕಾಫಿ ಮೂಟೆ ತೂಗಿಸಬೇಕು. ಎಷ್ಟು ತಿರುಚಿತು ಅಂತ ಡಯಲ್ ಗೇಜಿನಲ್ಲಿ ಅಳೆದು, ಕಂಪ್ಯೂಟರ್ ಹೇಳಿದ್ದಕ್ಕೆ ಹೋಲಿಸಿದರೆ ನನ್ನ ಲೆಕ್ಕ ಎಷ್ಟು ನಿಜ ಅಂತ ಗೊತ್ತಾಗುತ್ತೆ. ಮೂಟೆ ಇಳಿಸಿದ ಮೇಲೆ ಮುಳ್ಳು ಸೊನ್ನೆಗೆ ಬರದಿದ್ದರೆ ಎಲ್ಲೋ ಒಂದು ಗಂಟು ಜಾರಿದೆ ಅಥವಾ ಕೊಳವೆ ಬಗ್ಗಿ ನಿಂತಿದೆ.

ಚಿಕ್ಕಪ್ಪ: ಅದು ಮಾಡಲೇಬೇಕು. ಬಣ್ಣ ಯಾವುದು ಬಳೀತೀಯ?

ಹುಡುಗಿ: ಪೌಡರ್ ಕೋಟಿಂಗ್ ಅಂದುಕೊಂಡಿದ್ದೆ.

ಚಿಕ್ಕಪ್ಪ: ಮೊದಲ ಮಳೆಗಾಲ ಕಳೆಯೋವರೆಗೆ ಬೇಡ. ತೆಳ್ಳಗೆ ಪ್ರೈಮರ್, ಮೇಲೆ ತಿಳಿ ಬಣ್ಣದ ಪೇಂಟು. ಬೆಸುಗೆಯ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ತಿಳಿ ಬಣ್ಣದ ಮೇಲೆ ತುಕ್ಕಿನ ಗೆರೆ ಎದ್ದು ಕಾಣುತ್ತೆ, ದಪ್ಪ ಕೋಟಿಂಗು ಅದನ್ನ ಮುಚ್ಚಿಡುತ್ತೆ. ಅನುಮಾನ ಬಂದ ಗಂಟಿನ ಬಣ್ಣ ಕೆರೆದು ಸೀಮೆಎಣ್ಣೆ ಹಚ್ಚಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿ. ಬಿರುಕಿದ್ದರೆ ಒಳಗೆ ಇಂಗಿದ ಎಣ್ಣೆ ಸುಣ್ಣದ ಮೇಲೆ ಗೆರೆಯಾಗಿ ಏಳುತ್ತೆ.

ಹುಡುಗಿ: ಅಂಗಡಿಯಲ್ಲಿ ಸಿಗೋ ಕೆಂಪು ಬಣ್ಣದ ಸ್ಪ್ರೇ ಡಬ್ಬಿಯ ಡಿಪಿ ಟೆಸ್ಟೂ ಇದೇ ತತ್ವ. ಸ್ಟ್ರಟ್ಟಿನ ಗಂಟು, ತೋಳಿನ ಬ್ರಾಕೆಟ್ಟು, ಎಂಜಿನ್ ಮೌಂಟು, ಇವಕ್ಕೆ ಅದನ್ನ ತರಿಸ್ತೀನಿ. ಒಂದೇ ಪೆಟ್ಟಿಗೆ ಮುರಿಯೋದಕ್ಕಿಂತ ಸಾವಿರಾರು ಸಣ್ಣ ಕುಲುಕಿಗೆ ದಣಿದು ಬಿರುಕು ಬಿಡೋದೇ ಇಲ್ಲಿ ಹೆಚ್ಚು. ಕಾಗದದ ಮೇಲೆ ಗಂಟುಗಳಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದೀನಿ, ಪರೀಕ್ಷೆ ಮಾಡಿದ ದಿನ ಅದರ ಪಕ್ಕ ಬರೀತೀನಿ.

ಚಿಕ್ಕಪ್ಪ: ಬಿರುಕು ಕಂಡರೆ ಅದರ ಮೇಲೆಯೇ ಇನ್ನೊಂದು ಸಾಲು ಬೆಸುಗೆ ಎಳೆದು ಮುಚ್ಚಬೇಡ. ಬುಡದವರೆಗೆ ಕೆತ್ತಿ ತೆಗೆದು ಹೊಸದಾಗಿ ಹಾಕಬೇಕು. ಅದೇ ಜಾಗ ಮತ್ತೆ ಬಿರುಕು ಬಿಟ್ಟರೆ ತಪ್ಪು ಬೆಸುಗೆಯದ್ದಲ್ಲ, ಭಾರದ ದಾರಿಯದ್ದು. ಆಗ ನಿನ್ನ ಕಾಗದ ತೆಗಿ.

ಹುಡುಗಿ: ಹಾಗಾದರೆ ಒಪ್ಪಿಗೆನಾ ಚಿಕ್ಕಪ್ಪ? ಅಪ್ಪ ನಿಮ್ಮನ್ನ ಕೇಳು ಅಂದಿದ್ದಾರೆ.

ಚಿಕ್ಕಪ್ಪ: ಕಟ್ಟು. ಹಾಸನದಿಂದ ಮೊದಲು ಎರಡೇ ಮೀಟರ್ ಪೈಪ್ ತರೋಣ, ಮಾದರಿಗೆ ಅಷ್ಟು ಸಾಕು. ನಿನ್ನ ಕೈಯ ಬೆಸುಗೆ ಬಿಡದೆ ಕೊಳವೆಯೇ ಹರಿಯಬೇಕು, ಸೀಳಿದ ಗಂಟಿನಲ್ಲಿ ಕಪ್ಪು ಗೆರೆ ಇರಬಾರದು. ಚಾಸಿಗೆ ಬೇಕಾದ ಉಳಿದ ಪೈಪಿಗೆ ದುಡ್ಡು ಕಟ್ಟೋದು ಆಮೇಲೆಯೇ.